ಅರಬೈಲ್ ಘಟ್ಟಕ್ಕೊಂದು ಕ್ಲಚ್ ಇಲ್ಲದ ಗಾಡಿ

ಪುಣೆಯಲ್ಲಿರುವ ಬೆಳಗಾವಿ, ಧಾರವಾಡ, ಉತ್ತರ ಕನ್ನಡದ ಕಡೆಯವರಿಗೆ ಊರಿನ ದಾರಿ ಎಂದರೆ ರಾಷ್ಟ್ರೀಯ ಹೆದ್ದಾರಿ 48. ಕಾತ್ರಜ್ ಸುರಂಗ ದಾಟಿದರೆ ಊರಿಗೆ ಹೊರಟ ಹಾಗೆ. ಖಂಬಾಟ್ಕಿ ಘಟ್ಟ ಹತ್ತಿದರೆ ಆಫೀಸು ಮರೆತ ಹಾಗೆ. ಕೊಲ್ಹಾಪುರದಲ್ಲಿ ಊಟ, ಕೊಗನೊಳ್ಳಿ ಟೋಲಿನಲ್ಲಿ ಗಡಿ, ನಿಪ್ಪಾಣಿಯಲ್ಲಿ ಕನ್ನಡ ಬೋರ್ಡು. ಹದಿಮೂರು ವರ್ಷಗಳಿಂದ ಈ ದಾರಿಯಲ್ಲಿ ಬಸ್ಸಿನಲ್ಲೋ ಕಾರಿನಲ್ಲೋ ಓಡಾಡಿದ್ದೇನೆ. ಎಲ್ಲಿ ಚಹಾ ಚೆನ್ನಾಗಿರುತ್ತದೆ, ಎಲ್ಲಿ ಶೌಚಾಲಯ ಸ್ವಚ್ಛವಾಗಿರುತ್ತದೆ ಎನ್ನುವುದಷ್ಟೇ ನನಗೆ ಬೇಕಾಗಿದ್ದ ವಿವರ.

2024ರ ನವೆಂಬರಿನಲ್ಲಿ ಹೋದಾಗ ಅದೇ ದಾರಿ ಬೇರೆಯಾಗಿ ಕಂಡಿತು. ಎಲ್ಲಿ ಏರು, ಎಷ್ಟು ಉದ್ದದ ಏರು, ಎಲ್ಲಿ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ ಎಂದು ಲೆಕ್ಕ ಹಾಕುತ್ತ ಹೋದೆ. ಪಕ್ಕದಲ್ಲಿ ಕೂತ ಹೆಂಡತಿಯ ಕೈಯಲ್ಲಿ ಮೊಬೈಲು, ಅದರಲ್ಲಿ ಒಂದು ಅಂಕಿ. ಗೇರ್‌ಬಾಕ್ಸಿನ ಒಳಗಿನ ಎಣ್ಣೆಯ ಉಷ್ಣತೆ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದ ಒಂದು ಸಣ್ಣ ಸಾಧನ ಅದನ್ನು ಬ್ಲೂಟೂತಿನಲ್ಲಿ ಮೊಬೈಲಿಗೆ ಕಳಿಸುತ್ತಿತ್ತು. ಅವಳು ಕ್ರಿಕೆಟ್ ಸ್ಕೋರ್ ಹೇಳುವ ಹಾಗೆ ಹೇಳುತ್ತಿದ್ದಳು: “ಎಂಬತ್ತೆಂಟು. ತೊಂಬತ್ತೊಂದು. ತೊಂಬತ್ತೈದಾಯ್ತು ನೋಡಿ.”

ನಾವು ಓಡಿಸಿಕೊಂಡು ಹೊರಟಿದ್ದು ಒಂದು ಪಿಕ್‌ಅಪ್. ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಪುಣೆಯಲ್ಲಿ ಒಬ್ಬರ ಕೈಯಿಂದ ಕೊಂಡದ್ದು, 58,000 ಕಿಲೋಮೀಟರ್ ಓಡಿದ್ದು, ನಾಲ್ಕೂ ಗಾಲಿಗೆ ಶಕ್ತಿ ಹೋಗುವಂಥದ್ದು, ಆಟೊಮ್ಯಾಟಿಕ್. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಗಾಡಿ ನನಗಲ್ಲ, ಅಪ್ಪನಿಗೆ.

ಯಲ್ಲಾಪುರದಿಂದ ಅಂಕೋಲಾ ಕಡೆ ಹೋಗುವಾಗ ಅರಬೈಲ್ ಘಟ್ಟ ಶುರುವಾಗುವ ಮೊದಲು ಹೆದ್ದಾರಿ ಬಿಟ್ಟು ಏಳು ಕಿಲೋಮೀಟರ್ ಒಳಗೆ ಹೋದರೆ ನಮ್ಮ ಮನೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ. ಒಂದು ಹಳ್ಳ, ಅದನ್ನು ದಾಟಿದ ಕೂಡಲೇ ಒಂದು ಕಡಿದಾದ ಏರು. ಮೂರು ಎಕರೆ ಅಡಿಕೆ ತೋಟ, ಅದಕ್ಕೆ ಸೊಪ್ಪಿನ ಬೆಟ್ಟ, ಎರಡು ಆಕಳು. ಅಪ್ಪನಿಗೆ 69. ನಲವತ್ತು ವರ್ಷ ಜೀಪು ಓಡಿಸಿದವರು. ಅಡಿಕೆ ಮೂಟೆ, ಗೊಬ್ಬರ, ದರಕು, ಮದುವೆಗೆ ಹೊರಟ ನೆಂಟರು, ಹೆರಿಗೆಗೆ ಹೊರಟ ನೆರೆಮನೆಯವರು, ಎಲ್ಲರೂ ಎಲ್ಲವೂ ಅದರಲ್ಲೇ ಹೋದದ್ದು.

2023ರಲ್ಲಿ ಅವರ ಎಡ ಮಂಡಿಗೆ ಶಸ್ತ್ರಚಿಕಿತ್ಸೆ ಆಯಿತು. ನಡೆಯುವುದಕ್ಕೆ ತೊಂದರೆ ಇಲ್ಲ, ತೋಟಕ್ಕೆ ಇಳಿದು ಹತ್ತುತ್ತಾರೆ. ಆದರೆ ಹಳೆಯ ಜೀಪಿನ ಕ್ಲಚ್ಚು ಕಲ್ಲಿನಷ್ಟು ಗಟ್ಟಿ. ಯಲ್ಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಅದನ್ನು ನೂರಾರು ಸಲ ಒತ್ತಬೇಕು. ಒಂದು ಸಂಜೆ ಹಳ್ಳದ ಮೇಲಿನ ಏರಿನಲ್ಲಿ ಕಾಲು ಮಾತು ಕೇಳದೆ ಜೀಪು ಹಿಂದಕ್ಕೆ ಜಾರಿತು. ಧರೆಗೆ ತಾಗಿ ನಿಂತಿತು. ಅಪ್ಪ ಹೇಳಲಿಲ್ಲ, ಆಯಿ ಫೋನಿನಲ್ಲಿ ಹೇಳಿದಳು. (ನಮ್ಮ ಕಡೆ ಅಮ್ಮನಿಗೆ ಆಯಿ ಅನ್ನುತ್ತೇವೆ. ಪುಣೆಯ ನೆರೆಯವರು ಇದನ್ನು ಕೇಳಿ, ನಾವು ಮನೆಯಲ್ಲಿ ಮರಾಠಿ ಮಾತಾಡುತ್ತೇವೆ ಎಂದುಕೊಂಡಿದ್ದಾರೆ.)

ಡ್ರೈವರ್ ಇಡೋಣ ಎಂದರೆ ಊರಿನಲ್ಲಿ ಹುಡುಗರಿಲ್ಲ. ಇದ್ದವರೆಲ್ಲ ನನ್ನ ಹಾಗೆ ಪುಣೆಗೋ ಬೆಂಗಳೂರಿಗೋ ಹೋದವರು. ತೋಟ ಗೇಣಿಗೆ ಕೊಟ್ಟು ಪುಣೆಗೆ ಬನ್ನಿ ಎಂದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಪುಣೆಲಿ ಕೂತು ಆನು ಎಂತ ಮಾಡವು ತಮಾ?” ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಅವರು ಏನು ಮಾಡಬಹುದು ಎನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಡಿ ಓಡಿಸುವುದು ನಿಂತರೆ ಪೇಟೆ ನಿಲ್ಲುತ್ತದೆ, ಆಸ್ಪತ್ರೆ ದೂರವಾಗುತ್ತದೆ, ತೋಟ ಒಂದೆರಡು ವರ್ಷದಲ್ಲಿ ಕೈಬಿಡುತ್ತದೆ. ಹಾಗಾಗಿ ಎಡಗಾಲು ಬೇಡದ ಗಾಡಿ ಹುಡುಕಿದೆ.

ಈ ಹುಡುಕಾಟ ನಡೆಸಿದ ಎಲ್ಲರಿಗೂ ಗೊತ್ತಿರುವ ಹಾಗೆ, ‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿನ ಕೆಳಗೆ ಮೂರು ನಾಲ್ಕು ಬೇರೆ ಬೇರೆ ಯಂತ್ರಗಳಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆಗೆ ನಮ್ಮ ದೇಶದಲ್ಲಿ ಜನಪ್ರಿಯವಾದ ಎ.ಎಂ.ಟಿ. ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಒಂದು ಮೋಟಾರು ಮಾಡುತ್ತದೆ. ಅಗ್ಗ, ರಿಪೇರಿಯೂ ಸುಲಭ. ಎರಡು ಕ್ಲಚ್ಚಿನ ಡಿ.ಸಿ.ಟಿ. ಚುರುಕು, ಆದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್ಚಿದ್ದರೆ ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ. ಸಿ.ವಿ.ಟಿ.ಯಲ್ಲಿ ಗೇರುಗಳೇ ಇಲ್ಲ, ಎರಡು ರಾಟೆಗಳ ನಡುವೆ ಒಂದು ಬೆಲ್ಟು. ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು, ಟಾರ್ಕ್ ಕನ್ವರ್ಟರ್. ಭಾರ ಹೊರುವ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಇದೇ. ನಮ್ಮ ಪಿಕ್‌ಅಪ್ಪಿನಲ್ಲಿರುವುದೂ ಇದೇ.

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಡಿ. ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದು ತಾನಾಗಿ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಎಂದುಕೊಂಡರೆ ಟಾರ್ಕ್ ಕನ್ವರ್ಟರಿನ ಹೃದಯ ಅಷ್ಟೇ. ಇಂಜಿನ್ನಿಗೂ ಗಾಲಿಗೂ ನಡುವೆ ಗಟ್ಟಿಯಾದ ಕೊಂಡಿ ಇಲ್ಲ, ಎಣ್ಣೆ ಇದೆ. ಎರಡೂ ಚಕ್ರಗಳ ನಡುವೆ ಮೂರನೆಯದೊಂದು ಚಿಕ್ಕ ಚಕ್ರ ವಾಪಸ್ ಬರುವ ಎಣ್ಣೆಯನ್ನು ತಿರುಗಿಸಿ ಕೊಟ್ಟು ಎಳೆಯುವ ಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹೆರ್ಮನ್ ಫೊಟಿಂಗರ್ ಎಂಬ ಇಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಕಾರಿನಲ್ಲಿ ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಪೂರ್ತಿ ಆಟೊಮ್ಯಾಟಿಕ್ ಗೇರ್‌ಬಾಕ್ಸು ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿದ್ದು ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಹೊರತಂದ ಮೇಲೆ. ಅಂದರೆ ಇದು ಹೊಸ ತಂತ್ರಜ್ಞಾನ ಅಲ್ಲ, ಅಪ್ಪನಿಗಿಂತಲೂ ಹಳೆಯದು.

ಹಾಗಿದ್ದ ಮೇಲೆ ಭಯ ಯಾಕೆ? ಬಿಸಿಯಿಂದ. ಎಣ್ಣೆ ಎಣ್ಣೆಯ ಮೇಲೆ ಜಾರಿದಾಗಲೆಲ್ಲ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಭಾರ ಹೇರಿಕೊಂಡು ನಿಧಾನವಾಗಿ ಏರು ಹತ್ತುವಾಗ ಜಾರುವಿಕೆ ಹೆಚ್ಚು, ಬಿಸಿಯೂ ಹೆಚ್ಚು. ಅದೇ ಎಣ್ಣೆ ಗೇರುಗಳಿಗೆ ಜಿಡ್ಡು, ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯುವ ಕೈ, ಬಿಸಿಯನ್ನು ಕೂಲರಿಗೆ ಹೊತ್ತೊಯ್ಯುವ ನೀರು, ಎಲ್ಲವೂ. 80ರಿಂದ 100 ಡಿಗ್ರಿಯ ತನಕ ಅದಕ್ಕೆ ಆರಾಮ. ಅದರ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದ ಹಾಗೆ ಎಣ್ಣೆಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಈ ಕೆಲಸದವರ ಕೈಲೆಕ್ಕ. ಆಟೊಮ್ಯಾಟಿಕ್ ಕೆಟ್ಟಿತು ಎನ್ನುವ ಕಥೆಗಳಲ್ಲಿ ಬಹುಪಾಲು ಎಣ್ಣೆ ಬೆಂದ ಕಥೆಗಳೇ.

ನೆಂಟರಿಗೆ ಈ ವಿವರ ಬೇಕಿರಲಿಲ್ಲ. ಅವರದು ಒಂದೇ ಪಲ್ಲವಿ. “ಆಟೊಮ್ಯಾಟಿಕ್ಕಾ? ಕೆಟ್ರೆ ಆ ಕಾಡಲ್ಲಿ ಯಾರು ನೋಡ್ತಾರೆ?” ನನ್ನ ತಲೆಯಲ್ಲಿ ಕೂತದ್ದು ಈ ಪ್ರಶ್ನೆ. ಮಾಮೂಲಿ ಗೇರ್‌ಬಾಕ್ಸು ಕೆಟ್ಟರೂ ಯಾವುದೋ ಒಂದು ಗೇರಿನಲ್ಲಿ ಕುಂಟುತ್ತ ಪೇಟೆ ಮುಟ್ಟಬಹುದು. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಚಾಲು ಮಾಡಬಹುದು. ಇದನ್ನು ತಳ್ಳಿ ಚಾಲು ಮಾಡಲಾಗುವುದಿಲ್ಲ. ಹಗ್ಗ ಕಟ್ಟಿ ದೂರ ಎಳೆಯುವಂತೆಯೂ ಇಲ್ಲ. ಇಂಜಿನ್ ಬಂದ್ ಆಗಿದ್ದರೆ ಒಳಗಿನ ಪಂಪು ತಿರುಗುವುದಿಲ್ಲ, ಜಿಡ್ಡು ಸಿಗದೆ ಒಳಭಾಗ ಉಜ್ಜಿಹೋಗುತ್ತದೆ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಬೆಳಿಗ್ಗೆ ಐದಕ್ಕೆ ಪುಣೆ ಬಿಟ್ಟೆವು. ಪುಣೆಯಿಂದ ಹೋಗುವವರು ಖಂಬಾಟ್ಕಿ ಘಟ್ಟವನ್ನು ಹತ್ತಬೇಕು, ಸಾತಾರದಿಂದ ಬರುವವರಿಗೆ ಸುರಂಗ. ಹೊಸ ಜೋಡಿ ಸುರಂಗದ ಕೆಲಸ ಆಗ ನಡೆದಿತ್ತು. ಕಬ್ಬಿಣದ ಸುರುಳಿ ಹೊತ್ತ ಟ್ರೇಲರುಗಳ ಹಿಂದೆ ತೆವಳುತ್ತ ಹತ್ತಿದೆವು. ಘಟ್ಟದ ತುದಿಗೆ ಹೆಂಡತಿ “ನೂರಾ ಎರಡು” ಎಂದಳು. ಇಳಿಜಾರಿನಲ್ಲಿ ತೊಂಬತ್ತಕ್ಕೆ ಬಂತು. ಸಾತಾರದಿಂದ ಮುಂದೆ ರಸ್ತೆ ಅಗಲಿಸುವ ಕೆಲಸ, ಹೆಜ್ಜೆ ಹೆಜ್ಜೆಗೂ ಡೈವರ್ಶನ್ನು. ನಿಂತು ಹೊರಟು, ನಿಂತು ಹೊರಟು, ಘಟ್ಟ ಇಲ್ಲದಿದ್ದರೂ ಅಂಕಿ 97ರಲ್ಲಿ ಕೂತಿತು.

ಕರಾಡದ ಹತ್ತಿರ ರಸ್ತೆ ತೆರೆದುಕೊಂಡಿತು. ಸಣ್ಣ ಏರು, ಗಂಟೆಗೆ ಎಪ್ಪತ್ತರ ವೇಗ, ಕಾಲು ಆಕ್ಸಿಲರೇಟರ್ ಮೇಲೆ ಹಗುರವಾಗಿ. ಆಗ ಗಾಡಿ ನಡುಗಿತು. ರಸ್ತೆಯ ಅಂಚಿನ ಉಬ್ಬುಪಟ್ಟಿಗಳ ಮೇಲೆ ಹೋದಂಥ ಒಂದು ಸಣ್ಣ ನಡುಕ, ಎರಡು ಮೂರು ಸೆಕೆಂಡು. ಇಬ್ಬರೂ ಮುಖ ನೋಡಿಕೊಂಡೆವು. ಐದು ನಿಮಿಷದ ಮೇಲೆ ಮತ್ತೊಮ್ಮೆ. ಕೊಂಡು ತಿಂಗಳಾಗಿರಲಿಲ್ಲ, ಪುಣೆಯ ಊರೊಳಗಿನ ಓಡಾಟದಲ್ಲಿ ಇದು ಕಂಡಿರಲೇ ಇಲ್ಲ. ಕೊಲ್ಹಾಪುರದಲ್ಲಿ ಮಿಸಳ್ ಮುಂದಿದ್ದರೂ ಇಬ್ಬರಿಗೂ ರುಚಿಸಲಿಲ್ಲ.

ಓದಿಕೊಂಡದ್ದರಿಂದ ಒಂದು ಅಂದಾಜಿತ್ತು. ಸ್ಥಿರ ವೇಗದಲ್ಲಿ ಎಣ್ಣೆ ಸುಮ್ಮನೆ ಜಾರುವುದು ಬೇಡ ಎಂದು ಕನ್ವರ್ಟರಿನ ಒಳಗೆ ಒಂದು ಲಾಕ್‌ಅಪ್ ಕ್ಲಚ್ ಇರುತ್ತದೆ. ಅದು ಎರಡೂ ಚಕ್ರಗಳನ್ನು ಒಂದಾಗಿ ಕಟ್ಟುತ್ತದೆ. ಎಣ್ಣೆ ತನ್ನ ಗುಣ ಕಳೆದುಕೊಂಡಿದ್ದರೆ ಆ ಕ್ಲಚ್ಚು ನಯವಾಗಿ ಕೂರುವುದಿಲ್ಲ, ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತದೆ. ಎಣ್ಣೆಯಷ್ಟೇ ಆದರೆ ಸಾವಿರಗಳ ಮಾತು. ಕ್ಲಚ್ಚೇ ಸವೆದಿದ್ದರೆ ಲಕ್ಷಗಳ ಮಾತು. ಇವೆರಡರಲ್ಲಿ ಯಾವುದು ಎಂದು ಮೊಬೈಲಿನ ಅಂಕಿ ಹೇಳುವುದಿಲ್ಲ.

ಬೆಳಗಾವಿ, ಕಿತ್ತೂರು, ಧಾರವಾಡ ದಾಟಿ ಮಧ್ಯಾಹ್ನಕ್ಕೆ ಹುಬ್ಬಳ್ಳಿ. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಗೋಕುಲ ರಸ್ತೆ ಹುಬ್ಬಳ್ಳಿಯ ಗಾಡಿಗಳ ಬೀದಿ. ಇಂಡಸ್ಟ್ರಿಯಲ್ ಎಸ್ಟೇಟು, ಶೋರೂಮುಗಳು, ಲೇತು, ಸ್ಪ್ರಿಂಗ್ ಪಟ್ಟಿ ಬಡಿಯುವವರು, ರೇಡಿಯೇಟರ್ ಬೆಸುಗೆಯವರು. ಹುಬ್ಬಳ್ಳಿಯ ಗೆಳೆಯನೊಬ್ಬ ಹೇಳಿದ್ದ ಗ್ಯಾರೇಜು ಒಂದು ಅಡ್ಡರಸ್ತೆಯಲ್ಲಿತ್ತು. ಯಜಮಾನರಿಗೆ ಐವತ್ತರ ಮೇಲೆ. ನಾನು ನಡುಕದ ವರ್ಣನೆ ಶುರುಮಾಡಿದ ಕೂಡಲೇ ಕೈಯೆತ್ತಿ ತಡೆದು, ತಾವೇ ಓಡಿಸಿಕೊಂಡು ಬೈಪಾಸಿನ ತನಕ ಹೋಗಿ ಬಂದರು.

“ಗೇರ್‌ಬಾಕ್ಸ್ ಹೋಗಿಲ್ರೀ ಸರ್. ಎಣ್ಣಿ ಮುಪ್ಪಾಗೇದ.”

“ಮ್ಯಾನ್ಯುಯಲ್‌ನಲ್ಲಿ ಲೈಫ್‌ಟೈಮ್ ಎಣ್ಣೆ ಅಂತಿದೆಯಲ್ಲ?”

“ಯಾರ ಲೈಫ್‌ಟೈಮ್ ರೀ? ವಾರಂಟಿದೋ, ಗಾಡೀದೋ?”

ನಗುತ್ತಲೇ ಗಾಡಿಯನ್ನು ರ‍್ಯಾಂಪಿಗೆ ಏರಿಸಿದರು. ಅವರು ಹೇಳಿದ್ದರಲ್ಲಿ ಹುರುಳಿತ್ತು. ಬಹಳಷ್ಟು ಕಂಪನಿಗಳು ಎಣ್ಣೆ ಬದಲಿಸುವುದು ಬೇಡ ಎಂದು ಒಂದು ಪುಟದಲ್ಲಿ ಬರೆದು, ಭಾರ ಎಳೆಯುವವರು, ಬೆಟ್ಟದ ದಾರಿಯವರು, ಟ್ರಾಫಿಕ್ಕಿನವರು ಬೇಗ ಬದಲಿಸಬೇಕು ಎಂದು ಇನ್ನೊಂದು ಪುಟದಲ್ಲಿ ಬರೆದಿರುತ್ತವೆ. ನಮ್ಮ ದೇಶದಲ್ಲಿ ಈ ಮೂರರಲ್ಲಿ ಒಂದಾದರೂ ಆಗಿರದ ಗಾಡಿ ಯಾವುದು?

ಕೆಳಗಿನ ತಟ್ಟೆ ಬಿಚ್ಚಿದಾಗ ಎಣ್ಣೆ ಕಪ್ಪಗೆ ಬಂತು. ಹೊಸದಿದ್ದಾಗ ಅದು ದಾಳಿಂಬೆ ರಸದ ಹಾಗಿರುತ್ತದೆ. ಯಜಮಾನರು ಬೆರಳಲ್ಲಿ ಅದ್ದಿ ಮೂಸಿ ನನಗೂ ಮೂಸಿಸಿದರು. ಸುಟ್ಟ ವಾಸನೆ ಇರಲಿಲ್ಲ. ತಟ್ಟೆಯ ತಳದಲ್ಲಿ ಸಣ್ಣ ಆಯಸ್ಕಾಂತಗಳು, ಅವುಗಳ ಮೇಲೆ ಬೂದು ಬಣ್ಣದ ನುಣುಪಾದ ಕೆಸರು. ಅದನ್ನು ಬೆರಳುಗಳ ನಡುವೆ ತಿಕ್ಕಿ ತೋರಿಸಿದರು. “ಹಿಟ್ಟಿನಂಗ ಇದ್ರ ಚಿಂತಿಲ್ಲ, ಅದು ಸವಕಳಿ. ಚೂರು ಕೈಗೆ ಹತ್ತಿದ್ರ ಆವಾಗ ಅಳಬೇಕು.” ಚೂರು ಇರಲಿಲ್ಲ. ನನ್ನ ಹೆಂಡತಿಯೂ ತಿಕ್ಕಿ ನೋಡಿದಳು.

ತಟ್ಟೆ ಬಿಚ್ಚಿದರೆ ಎಲ್ಲ ಎಣ್ಣೆ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕನ್ವರ್ಟರಿನಲ್ಲೂ ಕೂಲರಿನಲ್ಲೂ ಉಳಿಯುತ್ತದೆ. ಹಾಗಾಗಿ ಹೊಸ ಎಣ್ಣೆ ಹಾಕಿ, ನಲವತ್ತು ಕಿಲೋಮೀಟರ್ ಓಡಿಸಿ, ಮರುದಿನ ಇನ್ನೊಮ್ಮೆ ತೆಗೆದು ಹಾಕಿದರು. ಫಿಲ್ಟರು, ಎಣ್ಣೆ, ಕೂಲಿ ಸೇರಿ 21,000 ರೂಪಾಯಿ. ಆ ರಾತ್ರಿ ವಿದ್ಯಾನಗರದ ಮಾವನ ಮನೆಯಲ್ಲಿ ಉಳಿದೆವು. ಮರುದಿನ ಧಾರವಾಡದ ತನಕ ಹೋಗಿ ಬಂದೆವು, ಎಪ್ಪತ್ತರ ವೇಗದಲ್ಲಿ, ಕಾಲು ಹಗುರವಾಗಿ ಇಟ್ಟು. ನಡುಕ ಒಮ್ಮೆ ಮೆಲ್ಲಗೆ ಬಂತು, ಆಮೇಲೆ ಬರಲಿಲ್ಲ.

ಹೊರಡುವಾಗ ಯಜಮಾನರು ಅಪ್ಪನ ಬಗ್ಗೆ ಕೇಳಿದರು. ಊರು ಎಲ್ಲಿ, ರಸ್ತೆ ಹೇಗಿದೆ, ಏನು ಹೇರುತ್ತಾರೆ, ಹಳ್ಳದಲ್ಲಿ ನೀರು ಎಷ್ಟು ಬರುತ್ತದೆ. ನನ್ನ ಯಾವ ಸ್ಪ್ರೆಡ್‌ಶೀಟಿನಲ್ಲೂ ಈ ನಾಲ್ಕು ಕಾಲಮ್ಮುಗಳು ಇರಲಿಲ್ಲ. ಆಮೇಲೆ ಹೇಳಿದರು: “ಕೆಟ್ಟು ನಿಂತ್ರ ಹಗ್ಗ ಹಾಕಿ ಎಳಿಸಬ್ಯಾಡ್ರಿ. ಫೋನ್ ಮಾಡ್ರಿ, ಹೇರಿಕೊಂಡು ಬರೋ ಗಾಡಿ ಕಳಸ್ತೀನಿ. ನಿಮ್ಮೂರು ನನಗ ಎರಡೂವರಿ ತಾಸು.” ಪುಣೆ ಬಿಟ್ಟ ಮೇಲೆ ನಾನು ಕೇಳಿದ ಅತಿ ಸಮಾಧಾನದ ಮಾತು ಅದು.

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70 ಕಿಲೋಮೀಟರ್. ಬಯಲುಸೀಮೆ ಮಲೆನಾಡಾಗುವುದನ್ನು ಇಷ್ಟು ಬೇಗ ತೋರಿಸುವ ರಸ್ತೆ ಕಡಿಮೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ತನಕ ಎರಡೂ ಕಡೆ ಹೊಲ. ಆಮೇಲೆ ಒಂದೊಂದೇ ತೇಗದ ಮರ, ಕಿರವತ್ತಿ ಬರುವಷ್ಟರಲ್ಲಿ ಕಾಡು. ಕಿಟಕಿ ಇಳಿಸಿದರೆ ಗಾಳಿಯಲ್ಲಿ ತರಗೆಲೆಯ ವಾಸನೆ. ಬೇಲಿಯ ಗಿಡಗಳ ಮೇಲೆ ಕೆಂಪು ಧೂಳು. ಯಲ್ಲಾಪುರ ಪೇಟೆಯಲ್ಲಿ ಅಡಿಕೆ ಮೂಟೆಗಳನ್ನು ಹೊತ್ತ ಬೊಲೆರೊ ಪಿಕ್‌ಅಪ್‌ಗಳು ಸಾಲಾಗಿ ನಿಂತಿದ್ದವು. ನಮ್ಮ ಕಡೆ ‘ಪಿಕ್‌ಅಪ್’ ಎಂದರೆ ಅದೇ. ಒಂದೂವರೆ ಟನ್ನಿನ ಆಸುಪಾಸು ಹೊರುತ್ತದೆ, ಯಾವ ಊರಿನ ಯಾವ ಮೆಕ್ಯಾನಿಕ್ಕೂ ಕಣ್ಣುಮುಚ್ಚಿ ಬಿಚ್ಚುತ್ತಾನೆ. ಅವುಗಳ ಪಕ್ಕ ನಮ್ಮದು ನೆಂಟರ ಮನೆಗೆ ಬಂದ ಪೇಟೆಯ ಹುಡುಗನ ಹಾಗೆ ಕಂಡಿತು.

ಅಪ್ಪ ಗಾಡಿಯನ್ನು ಒಂದು ಸುತ್ತು ಬಂದು ನೋಡಿದರು. ಟೈರು ಒದ್ದರು, ತೊಟ್ಟಿಯ ಉದ್ದ ಗೇಣಿನಲ್ಲಿ ಅಳೆದರು. ಮರುದಿನ ಬೆಳಿಗ್ಗೆ ಅರಬೈಲ್ ಘಟ್ಟಕ್ಕೆ ಹೋಗೋಣ ಎಂದರು. ಮನೆಯ ಏರು ಹತ್ತಿದರೆ ಸಾಲದು, ಘಟ್ಟ ಇಳಿದು ಹತ್ತಿದರೇ ಗಾಡಿ. ಅದು ಅವರ ಪರೀಕ್ಷೆ.

ಅರಬೈಲ್ ಘಟ್ಟ ಯಲ್ಲಾಪುರದ ಮೇಲ್ಮಟ್ಟದಿಂದ ಗಂಗಾವಳಿಯ ಕಣಿವೆಗೆ ಇಳಿಯುವ ದಾರಿ. ಇಡಗುಂದಿ ಕಳೆದ ಮೇಲೆ ತಿರುವುಗಳು ಶುರು. ಘಟ್ಟದ ಕೆಳಗೆ ರಾಮನಗುಳಿ, ಸುಂಕಸಾಳ, ಆಮೇಲೆ ಅಂಕೋಲಾ, ಕಡಲು. ಬಯಲುಸೀಮೆಯಿಂದ ಕರಾವಳಿಗೆ ಇಳಿಯುವ ಮುಖ್ಯ ದಾರಿಗಳಲ್ಲಿ ಇದೂ ಒಂದಾದ್ದರಿಂದ ಇಲ್ಲಿ ಲಾರಿಗಳಿಗೆ ಬಿಡುವಿಲ್ಲ. 2011ರ ಲೋಕಾಯುಕ್ತ ವರದಿಯ ಮೊದಲಿನ ಆ ಕೆಲವು ವರ್ಷ ಬಳ್ಳಾರಿ ಕಡೆಯ ಅದಿರು ಬೇಲೆಕೇರಿ ಬಂದರಿಗೆ ಹೋದದ್ದು ಇದೇ ಘಟ್ಟದ ಮೇಲೆ. ಹಗಲು ರಾತ್ರಿ ಸಾಲುಗಟ್ಟಿದ ಲಾರಿಗಳು, ಕಿತ್ತುಹೋದ ರಸ್ತೆ, ಕೆಂಪು ಕೆಸರು, ತಿರುವಿಗೊಂದರಂತೆ ಕೆಟ್ಟು ನಿಂತ ಗಾಡಿ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಎಂದರೆ ನನಗೆ ಈಗಲೂ ನೆನಪಾಗುವುದು ಈ ಘಟ್ಟ. ಕಾಲೇಜಿನ ರಜೆಯಲ್ಲಿ ಅಪ್ಪ ನನಗೆ ಜೀಪು ಕಲಿಸಿದ್ದು ಆ ಲಾರಿಗಳ ನಡುವೆ. ಅವರು ಹೇಳಿಕೊಟ್ಟ ಸೂತ್ರ ಒಂದೇ: ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿ, ಬ್ರೇಕಿನ ಮೇಲೆ ಕೂರಬೇಡ.

ಈಗ ಸ್ಟಿಯರಿಂಗು ಅವರ ಕೈಯಲ್ಲಿ. ಮೊದಲ ಹತ್ತು ನಿಮಿಷ ಎಡಗಾಲು ಕ್ಲಚ್ಚು ಹುಡುಕಿತು. ಇಲ್ಲದ ಕ್ಲಚ್ಚನ್ನು ಒತ್ತಲು ಹೋಗಿ ಬ್ರೇಕು ಒತ್ತುವ ಅಪಾಯ ಇರುವುದರಿಂದ ಆ ಕಾಲನ್ನು ಸೀಟಿನ ಕಡೆ ಮಡಚಿ ಇಟ್ಟುಕೊಳ್ಳಲು ಹೇಳಿದೆ. ಮಡಚಿಕೊಂಡರು. ಘಟ್ಟದ ಇಳಿಜಾರು ಬಂದಾಗ ಗಾಡಿ ‘ಡಿ’ಯಲ್ಲಿ ತನ್ನಷ್ಟಕ್ಕೆ ಮೇಲಿನ ಗೇರಿಗೆ ಹೋಗಿ ಓಡತೊಡಗಿತು. ಅಪ್ಪನ ಮುಖ ಬಿಗಿಯಿತು. ಲಿವರನ್ನು ಪಕ್ಕಕ್ಕೆ ಸರಿಸಿ ಎರಡನೇ ಗೇರಿನಲ್ಲಿ ಕಟ್ಟುವುದನ್ನು ತೋರಿಸಿದೆ. ಇಂಜಿನ್ನಿನ ಸದ್ದು ಏರಿತು, ಗಾಡಿ ಹಿಡಿದುಕೊಂಡು ಇಳಿಯತೊಡಗಿತು.

“ಹಂಗಾರೆ ಇದ್ರಲ್ಲೂ ಗೇರು ಇದ್ದು,” ಎಂದರು. ಆಮೇಲೆ ನಾನು ಏನನ್ನೂ ಹೇಳಿಕೊಡಬೇಕಾಗಲಿಲ್ಲ.

ಹತ್ತುವಾಗ ನಾನು ಹಿಂದಿನ ಸೀಟಿನಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಅರ್ಧ ಘಟ್ಟದಲ್ಲಿ, ನಾನು ಬಾಯಿ ತೆರೆಯುವ ಮೊದಲೇ, ಅಪ್ಪ ಒಂದು ಗೇರು ಕೆಳಗಿಳಿಸಿದರು. 99 ಇದ್ದದ್ದು ಮೆಲ್ಲಗೆ 96ಕ್ಕೆ ಬಂತು. ಕೆಳಗಿನ ಗೇರಿನಲ್ಲಿ ಕನ್ವರ್ಟರ್ ಕಡಿಮೆ ಜಾರುತ್ತದೆ, ಎಣ್ಣೆ ತಣ್ಣಗಿರುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಇಂಜಿನ್ನಿನ ದನಿ ಕೇಳಿ ಇಳಿಸಿದ್ದು. ಲಾರಿಯ ಹಿಂದೆ ಏರಿನಲ್ಲಿ ನಿಲ್ಲಬೇಕಾಗಿ ಬಂದಾಗ ಆಕ್ಸಿಲರೇಟರಿನಲ್ಲಿ ತಡೆದು ಹಿಡಿಯದೆ ಬ್ರೇಕಿನಲ್ಲೇ ನಿಲ್ಲಿಸಿ ಎಂದು ಮಾತ್ರ ಹೇಳಿದೆ, ಆಟೊಮ್ಯಾಟಿಕ್ಕಿಗೆ ಅತಿ ಬೇಗ ಬಿಸಿಯೇರಿಸುವುದು ಆ ಅಭ್ಯಾಸ. ತಲೆಯಾಡಿಸಿದರು. ಮನೆಗೆ ಬಂದು ಇಳಿದಾಗ ಮಂಡಿ ಸವರಿಕೊಂಡು ಆಯಿಯ ಕಡೆ ನೋಡಿ “ಅಡ್ಡಿಲ್ಲೆ” ಎಂದರು. ನಮ್ಮ ಕಡೆಯ ‘ಅಡ್ಡಿಲ್ಲೆ’ಗೆ ತೊಂದರೆಯಿಲ್ಲ ಎಂಬುದರಿಂದ ಹಿಡಿದು ಬಹಳ ಚೆನ್ನಾಗಿದೆ ಎಂಬಲ್ಲಿಯ ತನಕ ಅರ್ಥವಿದೆ.

ನಾನು ಊರಿನಲ್ಲಿ ಉಳಿದ ನಾಲ್ಕು ದಿನ ಗೇರ್‌ಬಾಕ್ಸಿನ ಸುತ್ತ ಒಂದು ಬೇಲಿ ಕಟ್ಟುವ ಕೆಲಸ ನಡೆಯಿತು. ಯಲ್ಲಾಪುರದ ಗ್ಯಾರೇಜಿನವನು, ಅಪ್ಪನ ಜೀಪನ್ನು ಇಪ್ಪತ್ತು ವರ್ಷ ನೋಡಿಕೊಂಡವನು, ಗಾಡಿಯ ಕೆಳಗೆ ಮಲಗಿ ನೋಡಿ, “ಇದನ್ನ ಬಿಚ್ಚೂದು ನಂಗೆ ಬರೂದಿಲ್ಲ. ಎಣ್ಣೆ ಸೋರಿದ್ರೆ, ಕೂಲರಿನ ಪೈಪು ಹೋದ್ರೆ ನೋಡ್ಕಂತೆ” ಎಂದ. ಅವನನ್ನೂ ಹುಬ್ಬಳ್ಳಿಯವರನ್ನೂ ವಿಡಿಯೊ ಕಾಲಿನಲ್ಲಿ ಕೂರಿಸಿದೆ. ಹತ್ತು ನಿಮಿಷದಲ್ಲಿ ಇಬ್ಬರೂ ನನ್ನನ್ನು ಮರೆತರು. ಸರಿಯಾದ ನಂಬರಿನ ಎಣ್ಣೆ ನಾಲ್ಕು ಲೀಟರ್ ಅಟ್ಟದ ಮೇಲೆ ಇಡಿಸಿದೆ. ಯಾಕೆಂದರೆ ಈ ಎಣ್ಣೆ ಯಲ್ಲಾಪುರದಲ್ಲಿ ಸಿಗುವುದಿಲ್ಲ, ಬೇರೆ ಎಣ್ಣೆ ಹಾಕಿದರೆ ನಡೆಯುವುದಿಲ್ಲ. ಗೊಬ್ಬರದ ದೊಡ್ಡ ಹೇರು, ಕೆಂಪುಗಲ್ಲು, ಜಲ್ಲಿ ಎಲ್ಲ ನೆರೆಮನೆಯ ಬೊಲೆರೊದಲ್ಲೇ. ನಮ್ಮದರಲ್ಲಿ ಅಡಿಕೆ ಮೂಟೆ, ಸೊಪ್ಪು, ಜನ. ಹಳ್ಳದ ನೀರು ಗಾಲಿಯ ಅರ್ಧ ದಾಟಿದರೆ ಇಳಿಸುವಂತಿಲ್ಲ. 40,000 ಕಿಲೋಮೀಟರಿಗೊಮ್ಮೆ ಎಣ್ಣೆ.

ಪುಣೆಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ವಿಷಯ ಸ್ಪಷ್ಟವಾಗಿತ್ತು. ಕೊಳ್ಳುವ ಮೊದಲು ನಾನು ಮೂರು ತಿಂಗಳು ಓದಿದ್ದು ಯಾವ ಗೇರ್‌ಬಾಕ್ಸು ಎಷ್ಟು ಗಟ್ಟಿ ಎಂಬುದನ್ನು. ಗಟ್ಟಿತನಕ್ಕೆ ಅಂಕಿಗಳಿವೆ, ಅವು ಸುಳ್ಳಲ್ಲ. ಆದರೆ ಅದೇ ಗೇರ್‌ಬಾಕ್ಸು ಪುಣೆಯಲ್ಲಿ ಕೆಟ್ಟರೆ ಒಂದು ರಜೆಯ ಅರ್ಜಿ, ನಮ್ಮೂರಿನಲ್ಲಿ ಕೆಟ್ಟರೆ ಆಯಿಯ ಮಾತ್ರೆ ಮುಗಿಯುವ ಪ್ರಶ್ನೆ. ಯಂತ್ರ ಎರಡೂ ಕಡೆ ಒಂದೇ, ಅದನ್ನು ಬಿಚ್ಚಬಲ್ಲ ಮನುಷ್ಯ ಎಷ್ಟು ತಾಸು ದೂರ ಎನ್ನುವುದು ಬೇರೆ. ನಂಬಿಕೆ ಎಂದು ನಾವು ಕರೆಯುವುದರಲ್ಲಿ ಈ ದೂರವೂ ಸೇರಿದೆ. ಊರಿನಲ್ಲಿರುವ ತಂದೆತಾಯಿಗೆ ಆಟೊಮ್ಯಾಟಿಕ್ ಕೊಡಿಸುವ ಯೋಚನೆ ಇರುವ ಓದುಗರು ನಮ್ಮಲ್ಲಿ ಬಹಳ ಮಂದಿ ಇರಬಹುದು. ಶೋರೂಮಿಗೆ ಹೋಗುವ ಮೊದಲು ಊರಿನ ಸುತ್ತ ನೂರು ಕಿಲೋಮೀಟರಿನೊಳಗೆ ಅಂಥ ಮನುಷ್ಯನೊಬ್ಬನನ್ನು ಹುಡುಕಿ ಫೋನ್ ನಂಬರ್ ಬರೆದುಕೊಳ್ಳಿ.

2025ರ ಜುಲೈನಲ್ಲಿ ಒಂದು ರಾತ್ರಿ ಆಯಿಗೆ ಉಸಿರಾಟದ ತೊಂದರೆಯಾಯಿತು. ಜೋರು ಮಳೆ, ಕರೆಂಟಿಲ್ಲ, ಫೋನಿಲ್ಲ. ಅಪ್ಪ ಅವಳನ್ನು ಕೂರಿಸಿಕೊಂಡು ಹೊರಟರು. ಹಳ್ಳದ ನೀರು ಗಾಲಿಯ ಅರ್ಧಕ್ಕಿಂತ ಕೆಳಗಿತ್ತು, ಏರನ್ನೂ ನಾಲ್ಕೂ ಗಾಲಿಯ ಬಲದಲ್ಲಿ ಗಾಡಿ ಹತ್ತಿತು. ಡಾಂಬರು ರಸ್ತೆ ಸೇರಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅಡ್ಡಕ್ಕೆ ಒಂದು ಮತ್ತಿಮರ ಬಿದ್ದಿತ್ತು. ಹಾರ್ನು ಬಾರಿಸಿದರು. ಹತ್ತಿರದ ಎರಡು ಮನೆಯವರು ಮರ ಕೊಯ್ಯುವ ಮಷೀನು, ಬ್ಯಾಟರಿ ಲೈಟು ಹಿಡಿದು ಬಂದರು. ಇಪ್ಪತ್ತೈದು ನಿಮಿಷದಲ್ಲಿ ದಾರಿಯಾಯಿತು. ಯಲ್ಲಾಪುರದ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಆಯಿ ಮನೆಗೆ ಬಂದಳು. ನನಗೆ ಸುದ್ದಿ ತಿಳಿದದ್ದು ಮರುದಿನ ಹನ್ನೊಂದು ಗಂಟೆಗೆ, ಒಂದು ಮೀಟಿಂಗಿನ ನಡುವೆ.

ಗಾಡಿ ಈಗ ಕರ್ನಾಟಕದ್ದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಗಾಡಿಯನ್ನು ಅಲ್ಲೇ ನೋಂದಾಯಿಸಬೇಕು ಎನ್ನುವುದು ಕಾನೂನು. ಪುಣೆಯಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ತೆರಿಗೆ, ಶಿರಸಿಯ ಕಚೇರಿಗೆ ಮೂರು ಸಲ ಓಡಾಟ. ಈಗ ನಂಬರು ಕೆಎ 31. ಅಪ್ಪ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪ್ರತಿ ತಿಂಗಳ ಒಂದನೇ ತಾರೀಖು ಕಿಲೋಮೀಟರ್ ಬರೆಯುತ್ತಾರೆ. ಕಳೆದ ವಾರ ಫೋನಿನಲ್ಲಿ ಹೇಳಿದ ಪ್ರಕಾರ 71,300. ಮುಂದಿನ ಎಣ್ಣೆಗೆ ಇನ್ನೂ ದೂರವಿದೆ. ಆದರೂ ಹುಬ್ಬಳ್ಳಿಯವರು ಮಳೆಗಾಲ ಕಳೆದ ಮೇಲೆ ಒಮ್ಮೆ ತಂದು ತೋರಿಸಿ ಎಂದಿದ್ದಾರಂತೆ. ಕೊನೆಕೊಯ್ಲಿನ ಮೊದಲು ಅಪ್ಪನೇ ಓಡಿಸಿಕೊಂಡು ಹೋಗುತ್ತಾರೆ, ಆಯಿಯೂ ಜೊತೆಗೆ ಹೋಗುತ್ತಾಳೆ. ಅವಳಿಗೆ ಹುಬ್ಬಳ್ಳಿಯಲ್ಲಿ ಸೀರೆ ತಗೊಳ್ಳಬೇಕಂತೆ.